ಗಾಯಗೊಂಡ ಸಿಪಾಯಿಯೂ ಅಜ್ಜಂಪುರದ ಎತ್ತೂ



ದಂಡಿನ ವೈದ್ಯವೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಒಂದು ಬಿಳಿಯ ಡೇರೆ, ಅದರ ಮೇಲೆ ಕೆಂಪು ಶಿಲುಬೆಯ ಗುರುತು, ಒಳಗೆ ಶಸ್ತ್ರವನ್ನು ಕೈಯಲ್ಲಿ ಹಿಡಿದ ವೈದ್ಯ. ಚಿತ್ರವೇನೋ ಸರಿಯಾದುದೇ. ಆದರೆ ಗಾಯಗೊಂಡವನು ರಣರಂಗದಿಂದ ಆ ಡೇರೆಯವರೆಗೆ ಬಂದದ್ದು ಹೇಗೆ, ಎಷ್ಟು ಹೊತ್ತಿನಲ್ಲಿ, ಯಾರ ಹೆಗಲ ಮೇಲೆ ಎಂಬುದನ್ನು ಅದು ತಿಳಿಸುವುದಿಲ್ಲ. ಯುದ್ಧದಲ್ಲಿ ಸತ್ತವರ ಲೆಕ್ಕವನ್ನು ಬಿಡಿಸಿ ನೋಡಿದರೆ, ಗುಂಡು ತಗುಲಿದ ಕ್ಷಣದಲ್ಲಿ ಸತ್ತವರು ಒಂದು ಪಾಲು. ಗುಂಡು ತಗುಲಿದ ಮೇಲೆ ದಾರಿಯಲ್ಲಿಯೂ ಬಯಲಿನಲ್ಲಿಯೂ ಕಾದು ಸತ್ತವರು ಮತ್ತೊಂದು ಪಾಲು. ಈ ಎರಡನೆಯ ಪಾಲಿನವರ ವಿಷಯವನ್ನು ಈ ಸಂಜೆ ಪ್ರಸ್ತಾಪಿಸಬೇಕೆಂದಿದ್ದೇನೆ. ಅದಕ್ಕಾಗಿ ತಮ್ಮನ್ನು ಕರೆದೊಯ್ಯುವುದು ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳ ಹುಲ್ಲುಗಾವಲುಗಳಿಗೆ.

ರೈಲಿನಲ್ಲಿ ಕಡೂರು, ಬೀರೂರುಗಳನ್ನು ದಾಟಿ ಉತ್ತರಕ್ಕೆ ಹೊರಟರೆ, ಎಡಗಡೆ ದೂರದಲ್ಲಿ ಬಾಬಾಬುಡನ್ ಗಿರಿಯ ಸಾಲು ನೀಲಿಯಾಗಿ ಕಾಣುತ್ತದೆ; ಬಲಗಡೆ ಬಯಲುಸೀಮೆ ತೆರೆದುಕೊಳ್ಳುತ್ತದೆ. ಮಲೆನಾಡಿನ ಮಳೆಯೂ ಅಲ್ಲದ, ಬಯಲಿನ ಬರವೂ ಅಲ್ಲದ ಈ ಅಂಚಿನ ನೆಲದಲ್ಲಿ ಹುಲ್ಲು ಸೊಗಸಾಗಿ ಬೆಳೆಯುತ್ತದೆ. ಕಡೂರು ತಾಲ್ಲೂಕಿನ ಬಾಸೂರು, ಬೀರೂರು, ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ, ಬಹುಕಾಲ ತರೀಕೆರೆಗೇ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಅಜ್ಜಂಪುರ, ಇಲ್ಲೆಲ್ಲ 'ಕಾವಲು' ಎಂಬ ಹೆಸರಿನ ಬಯಲುಗಳಿವೆ. ಇವು ಅಮೃತಮಹಲ್ ಕಾವಲುಗಳು. ಇವುಗಳಲ್ಲಿ ಮೇಯುತ್ತಿದ್ದ ದನಗಳು ದಂಡಿನ ದನಗಳು. ಹಾಲಿಗಾಗಲಿ ಉಳುಮೆಗಾಗಲಿ ಇವನ್ನು ಸಾಕಿದುದಲ್ಲ. ಹಾಲನ್ನು ಕರುವಿಗೇ ಬಿಟ್ಟು, ಕರುವು ಬಲಿತು ಹೋರಿಯಾಗಿ, ಹೋರಿ ಎತ್ತಾಗಿ, ಎತ್ತು ಫಿರಂಗಿಯ ನೊಗಕ್ಕೆ ಹೆಗಲು ಕೊಡುವಂತೆ ಮಾಡುವುದೇ ಅಲ್ಲಿನ ಉದ್ದೇಶವಾಗಿತ್ತು.

ಈ ಸಂಸ್ಥೆಯ ಮೂಲ ಹಳೆಯದು. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಗಳ ಕಾಲಕ್ಕೇ 'ಕರುಹಟ್ಟಿ' ಎಂಬುದೊಂದು ಇತ್ತೆಂದು ಹೇಳುತ್ತಾರೆ. 1673ರಿಂದ 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅದನ್ನು ಬೆಳೆಸಿ, ರಾಜ್ಯದ ನಾನಾ ಕಡೆಗಳಲ್ಲಿ ಕಾವಲುಗಳನ್ನು ಗೊತ್ತುಮಾಡಿ, 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ಸ್ಥಾಪಿಸಿದರು. ಹೈದರಾಲಿಯು ಆ ದನಗಳನ್ನು ಫಿರಂಗಿಗಳಿಗೆ ಹೂಡಿದನು. ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂಬ ಹೆಸರನ್ನು ಕೊಟ್ಟು, ದನಗಳ ಪೋಷಣೆ, ವಾರ್ಷಿಕ ಎಣಿಕೆ ಮೊದಲಾದುವಕ್ಕೆಲ್ಲ ಹುಕುಂನಾಮೆಯನ್ನು ಹೊರಡಿಸಿದವನು ಟಿಪ್ಪು ಸುಲ್ತಾನ್. ದಾರೋಗ, ಸೇರ್ವೆಗಾರ, ಗೊಲ್ಲ ಎಂಬ ಅಂತಸ್ತುಗಳೊಡನೆ ಇದೊಂದು ಪುಟ್ಟ ಸೈನ್ಯದಂತೆಯೇ ಇತ್ತು. ಬೇಸಗೆಗೆ ಒಂದು ಕಾವಲು, ಮಳೆಗೆ ಒಂದು, ಚಳಿಗೆ ಮತ್ತೊಂದು ಎಂದು ವಿಂಗಡಿಸಿದ್ದರು. ಋತುವಿಗನುಸಾರವಾಗಿ ಮಂದೆಗಳು ನಡೆದುಕೊಂಡು ಹೋಗುತ್ತಿದ್ದುವು.

ಈ ಎತ್ತುಗಳ ನಡೆಯನ್ನು ಕುರಿತು ಲೂಯಿ ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿರುವ ಸಂಗತಿಗಳು ಪ್ರಸಿದ್ಧವಾದುವು. ಚಿದಂಬರದ ಕೋಟೆಗೆ ಒತ್ತಾಸೆಯಾಗಿ ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿಗಳನ್ನು ನಡೆದನಂತೆ. ಬಿದನೂರನ್ನು ಮರಳಿ ಪಡೆಯುವುದಕ್ಕಾಗಿ ಟಿಪ್ಪುವು ಒಂದು ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡಹಾದನಂತೆ. ನಮ್ಮ ಚರಿತ್ರೆಯ ಪುಸ್ತಕಗಳು ಇವನ್ನು ಯುದ್ಧತಂತ್ರದ ಅಧ್ಯಾಯದಲ್ಲಿ ಸೇರಿಸಿವೆ. ಇವು ವೈದ್ಯದ ಅಧ್ಯಾಯದಲ್ಲಿಯೂ ಸೇರಬೇಕಾದುವೆಂಬುದು ನನ್ನ ಅಭಿಪ್ರಾಯ. ಏಕೆಂದರೆ ದಂಡಿನಲ್ಲಿ ಫಿರಂಗಿಯನ್ನು ಎಳೆಯುವುದೂ ಅಕ್ಕಿಯನ್ನು ಹೊರುವುದೂ ಔಷಧದ ಪೆಟ್ಟಿಗೆಯನ್ನು ಸಾಗಿಸುವುದೂ ಒಂದೇ ಜಾತಿಯ ಪ್ರಾಣಿ. ಅದು ಬಿದ್ದರೆ ಮೂರೂ ಬಿದ್ದುವು.

ಬಿದ್ದುದಕ್ಕೆ ದೃಷ್ಟಾಂತವೂ ಉಂಟು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪದವರೆಗೆ ಬಂದು, ಕಾಳಗದಲ್ಲಿ ಸೋಲದೆಯೇ ಹಿಂದಿರುಗಬೇಕಾಯಿತು. ಮಳೆ ಹಿಡಿದಿತ್ತು, ದನಗಳಿಗೆ ರೋಗ ತಗುಲಿತ್ತು, ಪಾಳೆಯದಲ್ಲಿ ಸಿಡುಬು ಹರಡಿತ್ತು. ಎಳೆಯುವ ಎತ್ತುಗಳಿಲ್ಲದೆ ಕೋಟೆಯೊಡೆಯುವ ಭಾರಿ ಫಿರಂಗಿಗಳನ್ನು ಅವನು ತನ್ನ ಕೈಯಾರೆ ನಾಶಮಾಡಿಸಿದನು. ಹಿಂದಿರುಗುವ ದಾರಿಯಲ್ಲಿ, ಮೇಲುಕೋಟೆಯ ಕಡೆ, ಮರಾಠರ ದಂಡು ಬಂದು ಕೂಡಿಕೊಂಡು ದವಸವನ್ನೂ ದನಗಳನ್ನೂ ದುಬಾರಿ ಬೆಲೆಗೆ ಒದಗಿಸದಿದ್ದರೆ ಆ ಸೈನ್ಯದ ಗತಿ ಏನಾಗುತ್ತಿತ್ತೋ ಹೇಳಲಾಗದು. ಫಿರಂಗಿಗಳನ್ನಾದರೋ ಸಿಡಿಸಿ ಹೂಳಬಹುದು. ರೋಗಿಗಳನ್ನು ಹಾಗೆ ಮಾಡುವಂತಿಲ್ಲ. ಅವರನ್ನು ಹೊತ್ತೇ ತರಬೇಕು.

ಹೊರುವ ಸಾಧನವೆಂದರೆ ಡೋಲಿ. ಒಂದು ಬೊಂಬು, ಅದಕ್ಕೆ ತೂಗುಬಿಟ್ಟ ಮಂಚ, ಮೇಲೊಂದು ಬಟ್ಟೆಯ ಮರೆ. ಒಂದು ಡೋಲಿಗೆ ಆರು ಮಂದಿ ಬೋಯಿಗಳು: ನಾಲ್ವರು ಹೊರುವವರು, ಇಬ್ಬರು ಸರದಿಗೆ. ಲೆಕ್ಕವನ್ನು ಸ್ವಲ್ಪ ನೋಡಿ. ನೂರು ಮಂದಿ ಗಾಯಾಳುಗಳಾದರೆ ಆರುನೂರು ಮಂದಿ ಹೊರುವವರು ಬೇಕು. ಆ ಆರುನೂರು ಮಂದಿಗೆ ಅಕ್ಕಿ ಬೇಕು. ಅಕ್ಕಿಯನ್ನು ಹೊರಲು ಎತ್ತುಗಳು, ಎತ್ತುಗಳಿಗೆ ಹುಲ್ಲು, ಎತ್ತು ಹೊಡೆಯುವವರಿಗೆ ಮತ್ತೆ ಅಕ್ಕಿ. ಒಬ್ಬ ಸಿಪಾಯಿಯ ಕಾಲು ಮುರಿದರೆ ಅದರ ಹಿಂದೆ ಇಷ್ಟು ದೊಡ್ಡ ಸಂಸಾರವೇ ಚಲಿಸಬೇಕಾಗುತ್ತಿತ್ತು.

ಡೋಲಿಯ ಮೇಲೆ ಆಂಗ್ಲೇಯರಲ್ಲಿಯೇ ಒಂದು ಹಾಸ್ಯಕಥೆ ಪ್ರಚಲಿತವಾಗಿತ್ತು. ಗಾಯಗೊಂಡವರನ್ನು ಡೋಲಿಗಳು ಒಯ್ದುವೆಂಬ ವರದಿಯನ್ನು ಕೇಳಿದ ಪಾರ್ಲಿಮೆಂಟಿನ ಮಹಾಶಯನೊಬ್ಬನು, ಡೋಲಿಗಳೆಂದರೆ ಬೆಟ್ಟದಿಂದಿಳಿದು ಬಂದು ಗಾಯಾಳುಗಳನ್ನು ಹೊತ್ತುಕೊಂಡು ಹೋಗುವ ಯಾವುದೋ ಕ್ರೂರ ಜನಾಂಗವೆಂದು ಭಾವಿಸಿ, ಅವರ ಅಮಾನುಷತೆಯನ್ನು ಖಂಡಿಸಿ ಭಾಷಣಮಾಡಿದನಂತೆ! ಕಾಲೇಜಿನಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗರು ಚೆನ್ನಾಗಿ ನಗುತ್ತಾರೆ. ನಗಬಹುದಾದುದೇ. ಆದರೆ ಡೋಲಿಯೆಂದರೇನೆಂದು ಚೆನ್ನಾಗಿ ಬಲ್ಲವರು ಕೂಡ ಅದರ ಕೆಳಗಿದ್ದ ಆರು ಮಂದಿಯನ್ನು ಮನುಷ್ಯರ ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಮೆಯೇ. ಹೊರುವವರಿಗೂ ಪ್ರಾಣಿಗಳನ್ನು ಹೊಡೆಯುವವರಿಗೂ ಸಿಪಾಯಿಯ ಸಮಕ್ಕೆ ಸಂಬಳ ಸವಲತ್ತುಗಳ ಮಾತು ಬಂದದ್ದು ಮೊದಲನೆಯ ಮಹಾಯುದ್ಧ ಅರ್ಧ ಕಳೆದ ಮೇಲೆ.

ಇನ್ನು ಡೇರೆಯೊಳಗಿನ ವೈದ್ಯನ ಸ್ಥಿತಿ. ಈಥರ್ ಬಂದದ್ದು 1846ರಲ್ಲಿ, ಕ್ಲೋರೋಫಾರಂ 1847ರಲ್ಲಿ, ಗಾಯವನ್ನು ಕ್ರಿಮಿಗಳಿಂದ ಕಾಪಾಡುವ ಲಿಸ್ಟರನ ವಿಧಾನ 1867ರಲ್ಲಿ. ಮೈಸೂರು ಯುದ್ಧಗಳ ಕಾಲದ ಶಸ್ತ್ರವೈದ್ಯನ ಬಳಿ ಇವಾವುವೂ ಇರಲಿಲ್ಲ. ಇದ್ದುದು ಗರಗಸ, ಚೂರಿ, ಕಟ್ಟುಬಟ್ಟೆ, ಸ್ವಲ್ಪ ಅಫೀಮು, ಸ್ವಲ್ಪ ಮದ್ಯ. ಎಲುಬು ನುಚ್ಚಾದ ಅಂಗವನ್ನು ಕತ್ತರಿಸಿಹಾಕುವುದೇ ಮುಖ್ಯ ಚಿಕಿತ್ಸೆ. ಎಷ್ಟು ಬೇಗ ಕತ್ತರಿಸಿದರೆ ಅಷ್ಟು ಕರುಣೆ. ಗಾಯವು ಕೊಳೆಯುವ ಮೊದಲು, ಮೊದಲನೆಯ ದಿನವೇ ಕತ್ತರಿಸಬೇಕೆಂದು ವಾದಿಸಿದವನು ಫ್ರಾನ್ಸಿನ ಲಾರೆ. ನೆಪೋಲಿಯನ್ನನ ಶಸ್ತ್ರವೈದ್ಯನಾಗಿ ಹೆಸರಾದವನು ಅವನೇ. ಹಾಗೆ ಮಾಡಬೇಕಾದರೆ ಗಾಯಾಳುವು ಮೊದಲನೆಯ ದಿನವೇ ವೈದ್ಯನ ಬಳಿಗೆ ಬರಬೇಕಷ್ಟೆ? ಆದುದರಿಂದಲೇ ಅವನು 1790ರ ದಶಕದಲ್ಲಿ ಹಗುರವಾದ ಕುದುರೆಗಾಡಿಗಳನ್ನು ಕಟ್ಟಿಸಿ, ಯುದ್ಧ ನಡೆಯುತ್ತಿರುವಾಗಲೇ ಬಿದ್ದವರನ್ನು ಎತ್ತಿ ತರುವ 'ಹಾರುವ ಆಂಬ್ಯುಲೆನ್ಸ್' ಪಡೆಯನ್ನು ಏರ್ಪಡಿಸಿದನು. ಅಧಿಕಾರಿಯೋ ಸಿಪಾಯಿಯೋ ಎಂದು ನೋಡದೆ, ಯಾರ ಗಾಯ ಹೆಚ್ಚಿನದೋ ಅವರಿಗೆ ಮೊದಲು ಚಿಕಿತ್ಸೆ ಎಂಬ ನಿಯಮವೂ ಅವನದೇ. ಈಜಿಪ್ಟಿನ ಮರಳಿನಲ್ಲಿ ಗಾಡಿ ಓಡದಿದ್ದಾಗ ಒಂಟೆಗಳ ಮೇಲೆ ಗಾಯಾಳುಗಳನ್ನು ಸಾಗಿಸಿದನು. ಅವನು ಮೊದಲ ಬಾರಿಗೆ ಈ ಗಾಡಿಗಳ ಯೋಚನೆಯಲ್ಲಿದ್ದ 1792ರಲ್ಲಿಯೇ ಶ್ರೀರಂಗಪಟ್ಟಣದ ಸಂಧಾನವೂ ನಡೆಯಿತು.

ಈ ಯುದ್ಧದಿಂದಲೇ ಹುಟ್ಟಿದ ಒಂದು ಘಟನೆ ಜಗತ್ತಿನ ಶಸ್ತ್ರವೈದ್ಯದ ಚರಿತ್ರೆಯಲ್ಲಿ ಸ್ಥಿರವಾಗಿ ನಿಂತಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಆಂಗ್ಲೇಯರ ದಂಡಿನಲ್ಲಿ ಕಾವಸಜಿ ಎಂಬ ಮರಾಠ ದೇಶದವನೊಬ್ಬನು ಎತ್ತು ಹೊಡೆಯುವ ಕೆಲಸದಲ್ಲಿದ್ದನು. ಅವನು ಹೊಡೆಯುತ್ತಿದ್ದ ಎತ್ತುಗಳು ನಮ್ಮ ಕಾವಲಿನವಲ್ಲ; ಆದರೆ ಅವನ ಕಸುಬು ನಮ್ಮ ಗೊಲ್ಲರ ಕಸುಬೇ. 1792ರ ಯುದ್ಧದಲ್ಲಿ ಅವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದನು. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟುಬಿಟ್ಟರು. ಶತ್ರುವಿನ ಎತ್ತುಗಳನ್ನು ನಿಲ್ಲಿಸಬೇಕಾದರೆ ಹೊಡೆಯುವವರಲ್ಲಿ ಭೀತಿಯನ್ನು ಹುಟ್ಟಿಸಬೇಕೆಂಬ ಎಣಿಕೆ ಇದ್ದಿರಬಹುದು. ಈ ಕ್ರೌರ್ಯವನ್ನು ಒಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. ಹದಿನೇಳನೆಯ ಶತಮಾನದಲ್ಲಿ ಮೈಸೂರಿಗೂ ಮಧುರೆಗೂ ನಡೆದ ಕಾಳಗಗಳಲ್ಲಿ ಎರಡು ಕಡೆಯವರೂ ಮೂಗುಗಳನ್ನು ಕೊಯ್ದು ಮೂಟೆಕಟ್ಟಿದ ಕಥೆ ಚರಿತ್ರೆಯಲ್ಲಿದೆ.

ಸುಮಾರು ಒಂದು ವರ್ಷದ ಮೇಲೆ ಪುಣೆಯ ಬಳಿ ಕಾವಸಜಿಗೆ ಹೊಸ ಮೂಗನ್ನು ಮಾಡಿದರು. ಮಾಡಿದವನು ಇಟ್ಟಿಗೆ ಮಾಡುವ ಕುಲದವನು. ಮುಂಬಯಿಯ ಸರ್ಕಾರಿ ಶಸ್ತ್ರವೈದ್ಯರಾದ ಕ್ರೂಸೊ, ಫಿಂಡ್ಲೆ ಎಂಬ ಇಬ್ಬರು ಇಂಥ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡರು. ಅದರ ವಿವರ 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಪತ್ರಿಕೆಯಲ್ಲಿ, ಬಿ. ಎಲ್. ಎಂಬ ಎರಡಕ್ಷರದ ಸಹಿಯ ಕಾಗದವಾಗಿ, ಜೇಮ್ಸ್ ವೇಲ್ಸ್ ಬರೆದ ಕಾವಸಜಿಯ ಚಿತ್ರದೊಡನೆ ಪ್ರಕಟವಾಯಿತು.

ಕ್ರಮ ಹೀಗೆ. ಮೊದಲು ಮೇಣದ ತೆಳು ಹಾಳೆಯಿಂದ ಮೂಗಿನ ಆಕಾರವನ್ನು ಮಾಡಿ, ಮುಖಕ್ಕೆ ಒಪ್ಪುವುದೇ ಎಂದು ನೋಡುತ್ತಾರೆ. ಅದನ್ನು ಚಪ್ಪಟೆಯಾಗಿ ಬಿಡಿಸಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆಯುತ್ತಾರೆ. ಗೆರೆಯೊಳಗಿನ ಚರ್ಮವನ್ನು ಹಣೆಯಿಂದ ಬಿಡಿಸಿ ಎತ್ತುತ್ತಾರೆ. ಆದರೆ ಎರಡು ಕಣ್ಣುಗಳ ನಡುವೆ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸುತ್ತಾರೆ. ಕೌಶಲವೆಲ್ಲ ಆ ಪಟ್ಟಿಯಲ್ಲಿದೆ. ಹೊಸ ಸ್ಥಳದಲ್ಲಿ ಚರ್ಮವು ಬೇರು ಬಿಡುವವರೆಗೆ ಅದಕ್ಕೆ ರಕ್ತವನ್ನು ಒದಗಿಸುವುದು ಅದೇ. ಬಳಿಕ ಹಳೆಯ ಮೂಗಿನ ಮೋಟನ್ನು ಕೆರೆದು ಹಸಿಮಾಡಿ, ಸುತ್ತಲೂ ಸೀಳಿ, ಹಣೆಯ ಚರ್ಮವನ್ನು ಅರೆಸುತ್ತು ತಿರುಗಿಸಿ ಕೆಳಕ್ಕೆ ತಂದು, ಅದರ ಅಂಚನ್ನು ಸೀಳಿನೊಳಗೆ ಸೇರಿಸುತ್ತಾರೆ. ಹೊಲಿಗೆಯಿಲ್ಲ. ನೀರಿನಲ್ಲಿ ನೆನೆಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಹಚ್ಚಿ ಕೂಡಿಸುತ್ತಾರೆ. ನಾವು ಎಲೆಯಡಕೆಯೊಡನೆ ಹಾಕಿಕೊಳ್ಳುವ ಕಾಚೇ ಇದು. ಕಗ್ಗಲಿ ಮರದ ಚೇಗಿನಿಂದ ತೆಗೆಯುವುದು. ಅದರ ಒಗರು ರಕ್ತವನ್ನು ಕಟ್ಟುತ್ತದೆ, ಚರ್ಮವನ್ನು ಬಿಗಿಯುತ್ತದೆ. ನಾಲ್ಕು ದಿನಗಳ ಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನು ಹಾಕುತ್ತಾರೆ. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವಣ ಪಟ್ಟಿಯನ್ನು ಕತ್ತರಿಸಿಬಿಡುತ್ತಾರೆ. ಮೂಗು ಆಗ ತನ್ನ ಕಾಲ ಮೇಲೆ ತಾನು ನಿಂತಂತಾಯಿತು.

ಸುಶ್ರುತಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗನ್ನು ಮಾಡುವ ವಿಧಾನವಿದೆಯೆಂಬುದನ್ನು ನಮ್ಮ ವಿದ್ವಾಂಸರು ಹೆಮ್ಮೆಯಿಂದ ಎತ್ತಿ ಹೇಳುತ್ತಾರೆ. ಹೇಳಲಿ, ಅದು ನಿಜ. ಆದರೆ 1790ರ ದಶಕದಲ್ಲಿ ಆ ವಿದ್ಯೆ ಉಳಿದಿದ್ದುದು ಸಂಹಿತೆಯನ್ನು ಓದಿದ ಪಂಡಿತನ ಕೈಯಲ್ಲಲ್ಲ, ಮಣ್ಣು ಕಲಸಿ ಬದುಕುತ್ತಿದ್ದವನೊಬ್ಬನ ಕೈಯಲ್ಲಿ. ರೋಗಿಯ ಹೆಸರನ್ನು ಪತ್ರಿಕೆ ಕಾಪಾಡಿತು. ವೈದ್ಯನ ಹೆಸರನ್ನು ಕಾಗದ ಬರೆದವನು ಬರೆಯಲಿಲ್ಲ. ಇದು ನನಗೆ ಬಹಳ ಖೇದಕರವಾಗಿ ತೋರುತ್ತದೆ.

ಆ ಕಾಗದವನ್ನು ಓದಿ ಪ್ರೇರಿತನಾದ ಲಂಡನ್ನಿನ ಶಸ್ತ್ರವೈದ್ಯ ಕಾರ್ಪ್ಯೂ ಎಂಬವನು ಮೊದಲು ಹೆಣಗಳ ಮೇಲೆ ಅಭ್ಯಾಸಮಾಡಿ, 1814ರಲ್ಲಿ ಜೀವಂತ ರೋಗಿಯ ಮೇಲೆ ಅದೇ ಕ್ರಮವನ್ನು ನಡೆಸಿ, 1816ರಲ್ಲಿ ಎರಡು ರೋಗಿಗಳ ವೃತ್ತಾಂತವನ್ನು ಪುಸ್ತಕವಾಗಿ ಪ್ರಕಟಿಸಿದನು. ಇಬ್ಬರೂ ಸೇನಾಧಿಕಾರಿಗಳು. ಅವರಲ್ಲಿ ಒಬ್ಬನು 1811ರಲ್ಲಿ ಸ್ಪೆಯಿನಿನ ಆಲ್ಬುವೆರಾ ಯುದ್ಧದಲ್ಲಿ ಮುಖಕ್ಕೆ ಕತ್ತಿಯೇಟು ತಿಂದವನು. ಒಂದು ಶತಮಾನ ಕಳೆದು, ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸಾವಿರಾರು ತರುಣರಿಗೆ ಗಿಲಿಸ್ ಎಂಬ ಶಸ್ತ್ರವೈದ್ಯನು ಸಿಡ್‌ಕಪ್ಪಿನ ಆಸ್ಪತ್ರೆಯಲ್ಲಿ ಹೊಸ ಮುಖಗಳನ್ನು ಕಟ್ಟಿದಾಗಲೂ, ರಕ್ತನಾಳವಿರುವ ಪಟ್ಟಿಯನ್ನು ಉಳಿಸಿಕೊಂಡು ಚರ್ಮವನ್ನು ತಿರುಗಿಸುವ ತತ್ತ್ವವೇ ಆಧಾರವಾಗಿತ್ತು. ಹಣೆಯ ಚರ್ಮದಿಂದ ಮೂಗನ್ನು ಕಟ್ಟುವುದು ಇಂದಿಗೂ ನಡೆಯುತ್ತಿರುವ ಶಸ್ತ್ರಕ್ರಿಯೆ.

ಆಲ್ಬುವೆರಾ ಕಾಳಗ ಸೇರಿದ್ದ ಆ ಸ್ಪೆಯಿನಿನ ಮಹಾಯುದ್ಧದಲ್ಲಿ ಆಂಗ್ಲೇಯರ ಸೇನಾಪತಿ ವೆಲಿಂಗ್ಟನ್. ಅವನು ನಮಗೆ ಅಪರಿಚಿತನಲ್ಲ. 1799ರ ಮೇಲೆ ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಅವನು. 1803ರ ಮಾರ್ಚಿಯಲ್ಲಿ ಅವನ ದಂಡು ನಮ್ಮ ಹರಿಹರದಿಂದ ಪುಣೆಗೆ ಹೊರಟಿತು. ಅದರ ವೇಗಕ್ಕೆ ಮೈಸೂರಿನ ಎತ್ತುಗಳು ಕಾರಣ. ಅದೇ ವರ್ಷದ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಅವನು ಗೆದ್ದನು. ಆದರೆ ಸತ್ತವರೂ ಗಾಯಗೊಂಡವರೂ ಸೇರಿ ಅವನ ಕಡೆ 1,500ಕ್ಕೂ ಮಿಕ್ಕಿದರು. ಗಾಯಾಳುಗಳು ಆ ರಾತ್ರಿಯನ್ನು ಬಯಲಿನಲ್ಲಿಯೇ ಕಳೆದರು. ಅವರನ್ನು ಅಜಂತೆಯಲ್ಲಿ ಏರ್ಪಡಿಸಿದ ಆಸ್ಪತ್ರೆಗೆ ಸಾಗಿಸುವವರೆಗೆ, ಗೆದ್ದ ಸೇನಾಪತಿಯು ಸೋತವರನ್ನು ಬೆನ್ನಟ್ಟಲಾರದೆ ತಡೆಯಬೇಕಾಯಿತು. ಮುಂದೆ ಸ್ಪೆಯಿನಿನ ಕೆಟ್ಟ ದಾರಿಗಳಲ್ಲಿ ಮಂದಗತಿಯ ಗಾಡಿಗಳನ್ನು ನೋಡಿ ನೋಡಿ ಬೇಸತ್ತು, ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಅವನು ಮರುಗುತ್ತಿದ್ದನೆಂದು ಗೆಜೆಟಿಯರು ಹೇಳುತ್ತದೆ.

ಆ ಎತ್ತುಗಳನ್ನು ಅವನ ದೇಶದ ಸರ್ಕಾರವೇ ಕಾಪಾಡಿದ ಬಗೆಯನ್ನು ಬೇಗನೆ ಹೇಳಿ ಮುಗಿಸುತ್ತೇನೆ. 1813ರಲ್ಲಿ ಮದರಾಸಿನ ಸೈನ್ಯದ ಸಾಮಗ್ರಿ ಇಲಾಖೆಯು ಅಮೃತಮಹಲನ್ನು ವಹಿಸಿಕೊಂಡು ಚೆನ್ನಾಗಿ ಬೆಳೆಸಿತು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮಂದೆಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ದಂಡಿಗೆ ತಕ್ಕ ಎತ್ತುಗಳು ದೊರೆಯದೆ, 1866ರ ಸುಮಾರಿಗೆ, ಮಾರಿದ ತಳಿಯನ್ನೇ ಹುಡುಕಿ ಹುಡುಕಿ ಕೊಂಡು ಪುನಃ ಸ್ಥಾಪಿಸಿದರು. 1882ರಲ್ಲಿ ಅದು ಮೈಸೂರು ಸರ್ಕಾರದ ವಶಕ್ಕೆ ಬಂತು. ನೂರೈವತ್ತು ವರ್ಷಗಳ ಸಾಕಣೆಯಿಂದ ಬಂದುದನ್ನು ಒಂದು ಹರಾಜಿನಲ್ಲಿ ಕಳೆಯಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎತ್ತು ಗಾಡಿಗಳ ವಿಷಯದಲ್ಲಿ ಸರ್ಕಾರದ ಮಿತವ್ಯಯವು ಎಲ್ಲಿಗೆ ಒಯ್ಯುತ್ತದೆಂಬುದನ್ನು 1915ರ ನವೆಂಬರಿನಲ್ಲಿ ಮೆಸೊಪೊಟೇಮಿಯದಲ್ಲಿ ಜಗತ್ತು ಕಂಡಿತು. ಟೆಸಿಫನ್ ಯುದ್ಧದಲ್ಲಿ ಗಾಯಗೊಂಡ ಸಾವಿರಾರು ಮಂದಿಗೆ, ಅವರಲ್ಲಿ ಬಹುಮಂದಿ ಇಂಡಿಯಾದ ಸಿಪಾಯಿಗಳು, ಆಂಬ್ಯುಲೆನ್ಸ್ ಬಂಡಿಗಳಿರಲಿಲ್ಲ. ಸಾಮಾನು ಸಾಗಿಸುವ, ಸ್ಪ್ರಿಂಗುಗಳಿಲ್ಲದ ಗಾಡಿಗಳಲ್ಲಿ, ತೊಡೆಯ ಎಲುಬು ಮುರಿದವರನ್ನು ಒಬ್ಬರ ಮೇಲೊಬ್ಬರಂತೆ ಹೇರಿ ಟೈಗ್ರಿಸ್ ನದಿಯವರೆಗೆ ಮೈಲಿಗಟ್ಟಲೆ ಕುಲುಕಿಸಿಕೊಂಡು ಒಯ್ದರು. ಅಲ್ಲಿಂದ ದೋಣಿಗಳಲ್ಲಿ ಬಸ್ರಾಕ್ಕೆ. ಹಲವು ದಿನಗಳ ವರೆಗೆ ಗಾಯಗಳ ಕಟ್ಟು ಬಿಚ್ಚಿದವರಿಲ್ಲ. ಆ ದೋಣಿಗಳ ಸ್ಥಿತಿಯನ್ನು ಕಂಡು ಬಾಯಿಬಿಟ್ಟು ಹೇಳಿದ ವೈದ್ಯಾಧಿಕಾರಿ ಮೇಜರ್ ಕಾರ್ಟರನಿಗೆ ಮೇಲಿನವರಿಂದ ದೊರೆತದ್ದು ಗದರಿಕೆ. 1917ರಲ್ಲಿ ಆಯೋಗದ ವರದಿ ಹೊರಬಿದ್ದ ಮೇಲೆ ಇಂಡಿಯಾ ಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು.

ಕುಲುಕಾಟವೊಂದೇ ಮನುಷ್ಯನನ್ನು ಕೊಲ್ಲಬಲ್ಲದೆಂಬುದು ಅದೇ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಸ್ಥಿರಪಟ್ಟಿತು. ಮುರಿದ ತೊಡೆಯೆಲುಬಿನ ತುದಿಗಳು ಒಂದನ್ನೊಂದು ಉಜ್ಜುತ್ತ ಒಳಗೇ ಮಾಂಸವನ್ನು ಸೀಳುತ್ತವೆ. ರಕ್ತವು ತೊಡೆಯೊಳಗೇ ಸುರಿಯುತ್ತದೆ. ಕಾಲನ್ನು ಎಳೆದು ಬಿಗಿದು ಅಲುಗದಂತೆ ನಿಲ್ಲಿಸುವ ಥಾಮಸ್ ಪಟ್ಟಿಯನ್ನು, ಬೂಟನ್ನು ಸಹ ಬಿಚ್ಚದೆ, ಹೊರುವವರೇ ಕಟ್ಟಲು ಕಲಿತ ಮೇಲೆ, ಅಂಥ ಗಾಯದಿಂದ ಸಾಯುವವರ ಸಂಖ್ಯೆ ನೂರಕ್ಕೆ ಎಂಬತ್ತರಷ್ಟಿದ್ದುದು ಇಪ್ಪತ್ತಕ್ಕೂ ಕೆಳಗಿಳಿಯಿತೆಂದು ಲೆಕ್ಕ. ಹೊಸ ಔಷಧವಿಲ್ಲ, ಹೊಸ ಶಸ್ತ್ರವಿಲ್ಲ. ಹೊರುವವನ ಕೈಗೆ ಬಂದ ಒಂದು ಕಬ್ಬಿಣದ ಚೌಕಟ್ಟು. ಧನುರ್ವಾಯುವಿನ ವಿಷಯವೂ ಹೀಗೆಯೇ. ಅದರ ಬೀಜಾಣುಗಳು ದನಕುದುರೆಗಳ ಸಗಣಿ ಲದ್ದಿ ಬಿದ್ದ ಮಣ್ಣಿನಲ್ಲಿರುತ್ತವೆ. ಗೊಬ್ಬರದ ಹೊಲಗಳಲ್ಲಿ ಗುಂಡು ತಗುಲಿದವರಿಗೆ ಯುದ್ಧದ ಆರಂಭದಲ್ಲಿ ಅದು ಮಾರಿಯಂತೆ ಎರಗಿತು. ಕುದುರೆಯ ರಕ್ತದಿಂದಲೇ ತಯಾರಿಸಿದ ಪ್ರತಿವಿಷವನ್ನು ಗಾಯವಾದೊಡನೆ ಚುಚ್ಚತೊಡಗಿದ ಮೇಲೆ ಬಹುವಾಗಿ ಇಳಿಯಿತು. ರೋಗವನ್ನು ಕೊಟ್ಟ ಕೊಟ್ಟಿಗೆಯೇ ಮದ್ದನ್ನೂ ಕೊಟ್ಟಿತು.

ನಮ್ಮ ಮೈಸೂರು ಲ್ಯಾನ್ಸರ್ಸ್ ದಳವು 1918ರ ಸೆಪ್ಟೆಂಬರ್ 23ರಂದು, ಅಸ್ಸಾಯೆಯ ತಾರೀಖಿನಂದೇ, ಜೋಧಪುರದವರೊಡನೆ ಹೈಫಾ ನಗರವನ್ನು ಹಿಡಿದ ಕೀರ್ತಿಯನ್ನು ಎಲ್ಲರೂ ಬಲ್ಲರು. ಆ ದಿನದ ನಷ್ಟದ ಪಟ್ಟಿಯಲ್ಲಿ 8 ಮಂದಿ ಸತ್ತವರು, 34 ಮಂದಿ ಗಾಯಗೊಂಡವರು. ಕುದುರೆಗಳಲ್ಲಿ ಸತ್ತುವು 60, ಗಾಯಗೊಂಡುವು 83. ಈ ಪಟ್ಟಿಯಲ್ಲಿ ಪ್ರಾಣಿಗಳನ್ನೂ ಎಣಿಸಿ ಬರೆದಿಟ್ಟಿದ್ದಾರೆ. ಕುದುರೆಗೆ ಬೆಲೆಯುಂಟಾದುದರಿಂದ ಎಣಿಸಿದರೆಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ.

1944ರ ಏಪ್ರಿಲಿನಲ್ಲಿ, ಬರ್ಮಾದ ಕಾಡಿನಲ್ಲಿ ಬಿದ್ದಿದ್ದ ಗಾಯಾಳುಗಳನ್ನು ಮೊಟ್ಟಮೊದಲನೆಯ ಬಾರಿಗೆ ಹೆಲಿಕಾಪ್ಟರಿನಲ್ಲಿ ಎತ್ತಿ ತಂದರು. ದಿನಗಳ ದಾರಿ ಅಂದಿನಿಂದ ಗಂಟೆಗಳ, ನಿಮಿಷಗಳ ಲೆಕ್ಕಕ್ಕೆ ಇಳಿಯಿತು. ಅದೇ 1944ರಲ್ಲಿ ಅಮೃತಮಹಲ್ ಕಾವಲುಗಳ ದನಗಳು ಮೈಸೂರಿನ ಪಶುಸಂಗೋಪನೆಯ ಇಲಾಖೆಗೆ ಸೇರಿದುವು; ಫಿರಂಗಿಯ ನಂಟು ಅದಕ್ಕೂ ಮೊದಲೇ ಕಡಿದಿತ್ತು. ಒಂದು ಕಾಲಕ್ಕೆ ರಾಜ್ಯದಲ್ಲೆಲ್ಲ ಸೇರಿ 4 ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲುಗಳಲ್ಲಿ ಈಗ ಉಳಿದಿರುವುದು ಸಣ್ಣ ಪಾಲು. ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಸಾರಿದರು. ಅಜ್ಜಂಪುರದಲ್ಲಿ ತಳಿಸಂವರ್ಧನೆಯ ಕೇಂದ್ರವಿದೆ. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ಮೇಲಕ್ಕೆ ಚೂಪಾದ ಉದ್ದನೆಯ ಕೊಂಬು, ಅಪರಿಚಿತನನ್ನು ಕಂಡೊಡನೆ ತಲೆ ಎತ್ತಿ ನಿಲ್ಲುವ ಆ ಕಾಡುಬುದ್ಧಿ, ಇವೆಲ್ಲ ಹಾಗೆಯೇ ಇವೆ. ಹೋರಿಗರುಗಳನ್ನು ರೈತರು ಹರಾಜಿನಲ್ಲಿ ಕೊಂಡು ಹೊಡೆದುಕೊಂಡು ಹೋಗುತ್ತಾರೆ.